ಚಿತ್ರದ ಅಡಿಯ ಸೋಬಾನೆ

ಹೊಳೆನರಸೀಪುರದಲ್ಲಿ ನನ್ನ ವಿಡಿಯೋ ಸ್ಟುಡಿಯೋ ಶುರುವಾಗಿ ಮೂವತ್ತಾರು ವರ್ಷ. ಕ್ಯಾಸೆಟ್ಟುಗಳ ಹಣೆಬರಹವನ್ನೆಲ್ಲ ನೋಡಿದವನು ನಾನು. ಮೊದಲು ಇಟ್ಟಿಗೆಯಂಥ ವಿಎಚ್‌ಎಸ್, ಆಮೇಲೆ ಸೂಪರ್ ವಿಎಚ್‌ಎಸ್, ಆಮೇಲೆ ಬೆಂಕಿಪೊಟ್ಟಣದಂಥ ಮಿನಿ ಡಿವಿ. ಅದು ಕೈಗೆ ಹತ್ತುವಷ್ಟರಲ್ಲಿ ಸಿಡಿ, ಡಿವಿಡಿ. ಈಗ ಉಗುರಿನಷ್ಟು ಕಾರ್ಡು. ಒಂದೊಂದು ಬಂದಾಗಲೂ ಜನ "ರುದ್ರಯ್ಯ, ಹಳೇದನ್ನ ಗುಜರಿಗಾಕು" ಎಂದರು. ಹಾಕಲಿಲ್ಲ. ಹಟಮಾರಿ ಅಂದರೆ ಅನ್ನಲಿ, ನನಗೇನು!

ಹೋದ ತಿಂಗಳು ಅರಕಲಗೂಡು ಕಡೆಯ ಧನ್ಯಾ ಎಂಬ ಹುಡುಗಿ ಒಂದು ವಿಎಚ್‌ಎಸ್ ಕ್ಯಾಸೆಟ್ ತಂದು ಮೇಜಿನ ಮೇಲಿಟ್ಟಳು. ಅವಳ ಅವ್ವ ಸ್ನೇಹಲತಾಳ ಮದುವೆಯದು. ತೊಂಬತ್ತಾರರಲ್ಲಿ ತೆಗೆದವನು ನಾನೇ.

"ಅಂಕಲ್, ಇನ್ನು ಹನ್ನೆರಡು ದಿನಕ್ಕೆ ಚನ್ನರಾಯಪಟ್ಟಣದಲ್ಲಿ ನನ್ನ ಮದ್ವೆ. ಲಕ್ಕಜ್ಜಿ ಸೋಬಾನೆ ಇಲ್ದೆ ನಮ್ಮನೇಲಿ ಧಾರೆ ಆಗಿದ್ದೇ ಇಲ್ಲ. ಮೂರು ವರ್ಷದ ಹಿಂದೆ ಗಂಟಲು ಆಪರೇಷನ್ ಆಗಿ ಅಜ್ಜಿ ದನೀನೇ ಹೋಯ್ತು."

"ಇದ್ರಲ್ಲಿ ಅಜ್ಜಿ ಆಡೈತಲ್ಲ ತಾಯಿ?"

"ಮದ್ವೆ ವಿಡಿಯೋಗೆ ಹಾಸನದ ರಜನೀಶ್ ಅವ್ರನ್ನ ಗೊತ್ತು ಮಾಡಿದೀವಿ. ಅವ್ರು ಹಾಕಿ ನೋಡಿದ್ರು. ಅಜ್ಜಿ ಬಾಯಾಡಿಸುತ್ತೆ, ಕೇಳೋದು ಮಾತ್ರ ಸಿನಿಮಾ ಹಾಡು. ದನಿ ಅಳಿಸೋಗಿದೆ ಅಂದ್ರು." ಅವಳ ಕಣ್ಣು ತುಂಬಿತು. "ಅಜ್ಜಿ ದಿನಾ ಹಾಡ್ತಿತ್ತು. ಒಂದಿನ ಫೋನಲ್ಲಿ ಹಿಡ್ಕೊಳ್ಳಲಿಲ್ಲ ನಾವು."

ಅಳಿಸಿದವನು ಯಾರು? ನಾನೇ! ಆಗ ನಮ್ಮ ಕಸುಬಿನ ಕ್ರಮವೇ ಅದು. ಹೆಂಗಸರ ಹಾಡು, ಮಂತ್ರ, ಮಕ್ಕಳ ಗಲಾಟೆ ಎಲ್ಲದರ ಮೇಲೂ ಸಿನಿಮಾ ಹಾಡು ಕೂರಿಸಿದರೇ ವಿಡಿಯೋ 'ಮಿಕ್ಸಿಂಗ್' ಆದ ಲೆಕ್ಕ. ಹಾಕದಿದ್ದರೆ ಬೀಗರು ಜಗಳಕ್ಕೆ ಬರುತ್ತಿದ್ದರು. ಮೂಲ ಕ್ಯಾಸೆಟ್ಟನ್ನು ಅಳಿಸಿ ಮುಂದಿನ ಮದುವೆಗೆ ಬಳಸುತ್ತಿದ್ದೆವು. ಲಕ್ಕಮ್ಮನ ದನಿಯನ್ನು ಈ ಕೈಯಾರೆ ಹೂತಿದ್ದೆ.

ಕ್ಯಾಸೆಟ್ ತಿರುಗಿಸಿದೆ. ಬೆನ್ನ ಮೇಲೆ ನನ್ನದೇ ಕೆಂಪು ಅಕ್ಷರ: ಹೈಫೈ.

ಆ ವರ್ಷ ಊರಿಗೇ ಮೊದಲು ಹೈಫೈ ಮಿಷನ್ ತಂದವನು ನಾನು. ಜಂಬಕ್ಕೆ ಎಲ್ಲ ಕ್ಯಾಸೆಟ್ಟಿನ ಮೇಲೂ ಹಾಗೆ ಬರೆಯುತ್ತಿದ್ದೆ. ಅದರ ಗುಟ್ಟು ಇಷ್ಟೇ: ಮಾಮೂಲಿ ಮಿಷನ್ನು ಟೇಪಿನ ಅಂಚಿನ ಒಂದು ಗೆರೆಯಲ್ಲಿ ಮಾತ್ರ ದನಿ ಬರೆಯುತ್ತದೆ, ಅದನ್ನಷ್ಟೇ ಓದುತ್ತದೆ. ಹೈಫೈ ಮಿಷನ್ನು ಅದೇ ದನಿಯನ್ನು ಚಿತ್ರದ ಅಡಿಯಲ್ಲೂ ಬರೆಯುತ್ತದೆ. ಸಿನಿಮಾ ಹಾಡು ಕೂರಿಸಿದಾಗ ಅಳಿಯುವುದು ಅಂಚಿನ ಗೆರೆ ಮಾತ್ರ. ಚಿತ್ರ ಅಳಿಸದೆ ಅಡಿಯದನ್ನು ಮುಟ್ಟಲು ಯಾರಪ್ಪನಿಂದಲೂ ಆಗದು.

"ಅಳಬ್ಯಾಡ ಕಣವ್ವ. ನಿಮ್ಮಜ್ಜಿ ಇದ್ರೊಳಗೇ ಅವ್ಳೆ" ಎಂದೆ.

ಅಟ್ಟದಿಂದ ಮಿಷನ್ ಇಳಿಸಿದರೆ ಒಳಗಿನ ಬೆಲ್ಟು ಕರಗಿ ಹಲಸಿನ ಅಂಟಾಗಿತ್ತು. ಟೇಪಿನ ತುಂಬ ಬಿಳಿ ಬೂಷ್ಟು. ಹೈಫೈ ಮಿಷನ್ ಐತಾ ಎಂದು ಕೇಳಲು ರಜನೀಶನಿಗೆ ಫೋನ್ ಮಾಡಿದರೆ ನಕ್ಕ. "ಟೇಪ್ ಕಾಲ ಮುಗೀತು ಸಾ. ಬೇರೆ ಯಾರ್ದಾದ್ರೂ ಸೋಬಾನೆ ಹಾಕ್ಬುಡವ, ಯಾರ್ಗೆ ಗೊತ್ತಾಯ್ತದೆ?"

ಮೈ ಉರಿದುಹೋಯಿತು. "ಲೇ, ನೀನು ಉಟ್ಟಕ್ಕೆ ಮುಂಚೆ ಕ್ಯಾಮ್ರಾ ಒತ್ತೋನು ಕಣ್ಲಾ ನಾನು!" ಎಂದು ಫೋನ್ ಕುಕ್ಕಿದೆ.

ಹಾಸನದ ಟೇಪ್ ರೆಕಾರ್ಡರ್ ರಿಪೇರಿಯ ಬಸವರಾಜು ಬೆಲ್ಟು ಹುಡುಕಿಕೊಟ್ಟ. ಮೊದಲನೆಯದು ಸಡಿಲ, ಎರಡನೆಯದು ತುಂಡಾಯಿತು, ಮೂರನೆಯದು ಕೂತಿತು. ಬೂಷ್ಟನ್ನು ಗೇಣು ಗೇಣಾಗಿ ಒರೆಸಲು ಐದು ದಿನ ಹಿಡಿಯಿತು. ಮದುವೆಗೆ ಎರಡು ದಿನವಿರುವಾಗ ಧನ್ಯಾಳನ್ನು ಕರೆಸಿ ಕ್ಯಾಸೆಟ್ ಹಾಕಿದೆ. ಪರದೆಯ ಮೇಲೆ ಲಕ್ಕಮ್ಮ ಬಾಯಿ ತೆರೆದಳು, ಸಿನಿಮಾ ಹಾಡು ಬಂತು. ಶಿವನೇ ಎಂದು ಗುಂಡಿಯನ್ನು ಹೈಫೈ ಕಡೆಗೆ ತಳ್ಳಿದೆ.

ಸಿನಿಮಾ ಹಾಡು ಕಡಿದುಬಿತ್ತು. ಕಂಚಿನ ಕಂಠ ಎದ್ದಿತು. "ಅಜ್ಜೀ!" ಎಂದು ಧನ್ಯಾ ಟಿವಿಯನ್ನೇ ಹಿಡಿದುಕೊಂಡಳು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಚನ್ನರಾಯಪಟ್ಟಣದ ಛತ್ರ. ಧಾರೆಯ ಹೊತ್ತಿಗೆ ಓಲಗ ನಿಲ್ಲಿಸಿ ಸ್ಪೀಕರಿನಲ್ಲಿ ಲಕ್ಕಮ್ಮನ ಸೋಬಾನೆ ಬಿಟ್ಟೆ. ಮುಂದಿನ ಸಾಲಿನಲ್ಲಿ ಕೂತಿದ್ದ ಲಕ್ಕಮ್ಮನಿಗೆ ನಾವು ಒಂದು ಮಾತೂ ಹೇಳಿರಲಿಲ್ಲ. ಆಕೆ ಬೆಚ್ಚಿ ಎದ್ದು ನಿಂತಳು. ಗಂಟಲು ಮುಟ್ಟಿಕೊಂಡಳು. ಎರಡನೆಯ ಸೊಲ್ಲಿಗೆ ಅವಳ ವಾರಗೆಯ ಹೆಂಗಸರು ತಾವಾಗಿಯೇ 'ಸೋ' ಎಂದು ದನಿಗೂಡಿಸಿದರು. ಮೂರನೆಯದಕ್ಕೆ ಅರ್ಧ ಛತ್ರವೇ ಅಂದಿತು. ಲಕ್ಕಮ್ಮ ಕೈಯೆತ್ತಿ ಮೇಳ ನಡೆಸತೊಡಗಿದಳು.

ಅಷ್ಟರಲ್ಲಿ ಸ್ಪೀಕರಿನಲ್ಲಿ ಹಾಡು ನಿಂತು ಅದೇ ಕಂಠದಲ್ಲಿ ಬೈಗುಳ ಬಂತು: "ಏಯ್ ವಿಡಿಯೋದವ್ನೇ! ಆ ಲೈಟ ಅತ್ಲಾಗಿ ತಿರುಗ್ಸ್ಲಾ, ಎಣ್ಣಿನ ಮೊಕ ಬೆಂದೋಯ್ತದೆ!"

ಛತ್ರ ಗೊಳ್ಳೆಂದಿತು. ಲಕ್ಕಮ್ಮ ತಿರುಗಿ ನೋಡಿ, ನನ್ನನ್ನು ಗುರುತು ಹಿಡಿದು, ಅದೇ ಗತ್ತಿನಲ್ಲಿ ಬೆರಳಾಡಿಸಿದಳು: ಅತ್ಲಾಗಿ! ನಾನು ಕೈಮುಗಿದೆ. ಇಪ್ಪತ್ತೆಂಟು ವರ್ಷದ ಮೇಲೆ ಬೈಸಿಕೊಂಡು ಇಷ್ಟು ಸಂತೋಷಪಟ್ಟವನು ನಾನೊಬ್ಬನೇ ಇರಬೇಕು.

ಅಕ್ಷತೆ ಬಿದ್ದ ಮೇಲೆ ರಜನೀಶ್ ಕ್ಯಾಮೆರಾ ಹಿಡಿದೇ ಬಂದ. "ತಪ್ಪಾಯ್ತು ಸಾ, ನೀವೇ ಗೆದ್ರಿ. ಈ ಸೀನಿಗೆ ಯಾವ್ ಹಾಡು ಹಾಕಣ, ನೀವೇ ಯೋಳಿ."

"ಲೇ ರಜನೀಶ," ಎಂದೆ, "ಇದ್ರ ಮ್ಯಾಲೆ ಏನಾದ್ರೂ ಆಕ್ದೆ ಅಂದ್ರೆ ಕೈ ಮುರ್ದಾಕ್ಬುಡ್ತೀನಿ!"