ಮುದ್ದಪ್ಪನ ಕಿವಿ

ಹಿರಿಯೂರಿನ ಹುಳಿಯಾರು ರಸ್ತೆಯಲ್ಲಿ ಕಾರಿಗೆ ಸೌಂಡ್ ಕೂರಿಸುವ ಅಂಗಡಿಗಳು ಬೇಕಾದಷ್ಟಿವೆ. ಆದರೆ ಹೊಸದುರ್ಗ, ಹೊಳಲ್ಕೆರೆ, ಸಿರಿಗೆರೆ ಕಡೆಯಿಂದೆಲ್ಲ ಗಾಡಿ ಹೊಡೆದುಕೊಂಡು ಬಂದವರು ನಿಲ್ಲಿಸುತ್ತಿದ್ದದ್ದು ಮುದ್ದಪ್ಪನ ಅಂಗಡಿ ಮುಂದೆ. ಬೇರೆಯವರು ಲ್ಯಾಪ್‌ಟಾಪ್ ತೆರೆದಿಟ್ಟು, ಕಾರಿನೊಳಗೆ ಮೈಕು ನೇತುಹಾಕಿ ಸೌಂಡ್ ಹೊಂದಿಸುತ್ತಾರೆ. ಮುದ್ದಪ್ಪ ಡ್ರೈವರ್ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಬರೀ ಕಿವಿಯಲ್ಲಿ ಹೊಂದಿಸುತ್ತಿದ್ದ. "ಆ ಕಿವಿ ಮುಂದೆ ಮಷೀನ್ ಏನ್ರೀ ಮಾಡ್ತೈತೆ" ಎಂದು ಗಿರಾಕಿಗಳೇ ಊರೂರಲ್ಲಿ ಸಾರುತ್ತಿದ್ದರು. ಅಂಗಡಿಯ ಬೋರ್ಡಿನ ಮೇಲೆ ಪೇಂಟರು ಒಂದು ದೊಡ್ಡ ಕಿವಿಯನ್ನೂ ಬರೆದಿದ್ದ. ಅದು ನೋಡಲು ಮುರಿದ ಹಪ್ಪಳದ ಹಾಗಿತ್ತು, ಆ ಮಾತು ಬಿಡಿ.

ಈಗ ವಿಷಯ ಏನಪ್ಪಾ ಅಂದರೆ, ಆ ಕಿವಿ ಹೋಗಿತ್ತು. ಪೂರ್ತಿ ಹೋಗಿರಲಿಲ್ಲ. ಜನರ ಮಾತು ಕೇಳುತ್ತಿತ್ತು, ಲಾರಿಯ ಹಾರನ್ನು ಕೇಳುತ್ತಿತ್ತು, ಹಿಂದೆ ಕೂರಿಸಿದ ಬೇಸು ಎದೆಗೇ ಬಂದು ಗುದ್ದುತ್ತಿತ್ತು. ಹೋಗಿದ್ದು ಮೇಲಿನ ಸ್ವರದ ಸಣ್ಣ ಸದ್ದುಗಳು. ಗಾಜು ಏರಿಸಿದ ಕಾರುಗಳೊಳಗೆ ವರ್ಷಾನುಗಟ್ಟಲೆ ಕೂತು ಫುಲ್ ಸೌಂಡ್ ಕೊಟ್ಟು ಪರೀಕ್ಷೆ ಮಾಡಿದವನಿಗೆ ಇನ್ನೇನಾಗಬೇಕು ಹೇಳಿ? ಸೊಳ್ಳೆ ಬಂದದ್ದು ಅವನಿಗೆ ಕಚ್ಚಿದ ಮೇಲೆಯೇ ಗೊತ್ತಾಗುತ್ತಿತ್ತು. ಕುಕ್ಕರು ಎಷ್ಟು ಸಲ ಕೂಗಿತು ಎಂದು ಹೆಂಡತಿ ಯಶೋದಾ ಬಚ್ಚಲಿನಿಂದ ಕೇಳಿದರೆ, ಒಲೆಯ ಮುಂದೆಯೇ ನಿಂತವನು ಬಾಯಿಗೆ ಬಂದ ಲೆಕ್ಕ ಹೇಳುತ್ತಿದ್ದ. ಆ ಮನೆಯಲ್ಲಿ ಅನ್ನ ಒಂದು ದಿನ ಗಂಜಿಯಾಗಿ, ಒಂದು ದಿನ ಅಕ್ಕಿಯಾಗಿಯೇ ಉಳಿಯುತ್ತಿತ್ತು.

ಹೊರಗೆ ಗೊತ್ತಾದರೆ ಅಂಗಡಿಗೆ ಬೀಗ ಹಾಕಿದ ಹಾಗೆಯೇ ಎನ್ನುವುದು ಮುದ್ದಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಕಿವಿಯ ಹೆಸರಿನ ಮೇಲೆ ನಡೆಯುವ ಅಂಗಡಿ ಅದು. ಹಾಗಾಗಿ ಅವನು ಬೇರೆ ದಾರಿ ಹಿಡಿದಿದ್ದ. ಬೇಸನ್ನು ಬಾಗಿಲ ಮೇಲೆ ಅಂಗೈ ಇಟ್ಟು ನೋಡುತ್ತಿದ್ದ. ಕರೆಂಟು ಸಾಲುತ್ತಿದೆಯೋ ಇಲ್ಲವೋ ಮೀಟರು ಹೇಳುತ್ತಿತ್ತು. ಸಣ್ಣ ಸದ್ದುಗಳಿಗೆ ಮಾತ್ರ ಗಿರಾಕಿಯ ಮುಖ ನೋಡುತ್ತಿದ್ದ. ಗುಂಡಿ ತಿರುಗಿಸುತ್ತಾ ಹೋಗುವುದು, ಗಿರಾಕಿಯ ಹುಬ್ಬು ಗಂಟಿಕ್ಕಿದರೆ ಹಿಂದಕ್ಕೆ ಬರುವುದು, ಹುಬ್ಬು ಸಡಿಲವಾದರೆ ಅಲ್ಲೇ ನಿಲ್ಲಿಸುವುದು. ಕಣ್ಣು ಮುಚ್ಚುವುದನ್ನು ಬಿಟ್ಟಿದ್ದ. ಯಾಕೆಂದು ಯಾರೂ ಕೇಳಿರಲಿಲ್ಲ.

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ನಡುವೆ ಯೋಗೇಶ ಬಂದ. ಶ್ರೀರಾಂಪುರದ ಹತ್ತಿರದ ಹಟ್ಟಿಯವನು, ಕುರಿ ವ್ಯಾಪಾರ. ಅವನ ಬಿಳಿ ಬೊಲೆರೊಗೆ ಮುದ್ದಪ್ಪನೇ ಕೈಯಾರೆ ಸೌಂಡ್ ಕೂರಿಸಿದ್ದ. ಬೇಸ್ ಹೊಡೆದಾಗಲೆಲ್ಲ ಹೆಡ್‌ಲೈಟು ಮಂಕಾಗಬಾರದೆಂದು ದೊಡ್ಡ ಬ್ಯಾಟರಿ ಹಾಕಿ, ಮುಂದಿನಿಂದ ಹಿಂದಿನ ಆಂಪ್ಲಿಫೈಯರ್‌ವರೆಗೆ ಹೆಬ್ಬೆರಳು ಗಾತ್ರದ ಕೇಬಲ್ಲು ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಕೊಟ್ಟಿದ್ದ. ಗಾಡಿ ತಗೊಂಡು ಹೋದ ವಾರದೊಳಗೆ ಯೋಗೇಶ ವಾಪಸ್ಸು ಬಂದು ಹೇಳಿದ:

"ಮುದ್ದಣ್ಣ, ಎಕ್ಸಿಲೇಟರ್ ಒತ್ತಿದಂಗೆಲ್ಲ ಸ್ಪೀಕರಿನಾಗೆ ಕುಂಯ್ ಅಂತ ಏಳ್ತೈತೆ ನೋಡು. ಹಾಡು ನಿಲ್ಸಿದ್ರೂ ಬಿಡಲ್ಲ."

ಮುದ್ದಪ್ಪ ಸೀಟಿನಲ್ಲಿ ಕೂತು ಕೇಳಿದ. ಏನೂ ಇರಲಿಲ್ಲ. "ಇಂಜಿನ್ ಸದ್ದು ಕಣೋ ಅದು. ನಿನಗೆಲ್ಲೋ ಭ್ರಮೆ" ಎಂದು ಗದರಿಸಿ ಕಳಿಸಿದ. ಯೋಗೇಶ ಮುಖ ಊದಿಸಿಕೊಂಡು ಹೋದ.

ಗಾಡಿ ತಿರುವು ದಾಟಿದ ಮೇಲೆ ಮುದ್ದಪ್ಪನಿಗೆ ಹೊಳೆಯಿತು. ಥತ್! ಭ್ರಮೆ ಅಲ್ಲ. ಈ ಕಸುಬಿನ ಅ ಆ ಇ ಈ ಅದು. ಅರ್ತಿಂಗ್ ಸರಿಯಿಲ್ಲದಿದ್ದರೆ ಇಂಜಿನ್ನಿನ ಡೈನಮೋದ ಸದ್ದು ತಂತಿ ಹಿಡಿದು ಬಂದು ಸ್ಪೀಕರಿನಲ್ಲಿ ಕುಂಯ್‌ಗುಡುತ್ತದೆ, ಗಾಡಿ ಓಡಿದಷ್ಟೂ ಏರುತ್ತದೆ. ಒಂದು ಕಾಲಕ್ಕೆ ರಸ್ತೆಯಾಚೆ ನಿಂತ ಗಾಡಿಯಲ್ಲೂ ಅದನ್ನು ಹಿಡಿಯುತ್ತಿದ್ದವನು ಈಗ ಅದರ ಮಡಿಲಲ್ಲೇ ಕೂತು ಇಲ್ಲ ಎಂದಿದ್ದ. ಅವತ್ತು ಅವನಿಗೆ ಊಟ ಸೇರಲಿಲ್ಲ. ಇನ್ನು ಮೇಲೆ ಯಾರಾದರೂ ಕುಂಯ್ ಅನ್ನುತ್ತಿದೆ ಎಂದರೆ ಹೌದು ಅನ್ನುವುದೇ ಸೈ ಎಂದು ಗಟ್ಟಿ ಮಾಡಿಕೊಂಡ.

ಆಮೇಲೆ ಒಂದು ಬೆಳಗ್ಗೆ ಹೊಳಲ್ಕೆರೆಯ ತಿಪ್ಪೇರುದ್ರಪ್ಪ ಅಂಗಡಿಗೆ ಬಂದು ಕೂತರು. ಮದುವೆಗೆ, ಪ್ರವಾಸಕ್ಕೆ ಟೆಂಪೋ ಟ್ರಾವೆಲರ್ ಬಾಡಿಗೆಗೆ ಬಿಡುವವರು. ಮೂರು ಹೊಸ ಗಾಡಿ ಇಳಿಸಿದ್ದರು, ಮೂರಕ್ಕೂ ಸೌಂಡ್ ಆಗಬೇಕು. ಅಂಥ ಕೆಲಸ ಕೈಗೆ ಬಂದರೆ ಮುದ್ದಪ್ಪ ಆ ವರ್ಷ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ.

"ಮಷೀನ್ ಇಟ್ಕಂಡೋರು ನಮ್ಮೂರಾಗೂ ಅವರೆ. ನನಗೆ ಕಿವಿ ಇರೋನು ಬೇಕು ಕಣಪ್ಪ, ಅದಕ್ಕೇ ಇಲ್ಲಿವರೆಗೂ ಬಂದೆ" ಎಂದರು ಟೀ ಗ್ಲಾಸು ಊದುತ್ತಾ.

ಮುದ್ದಪ್ಪ ಹಿಗ್ಗಿ, "ಬರ್ರಿ, ಒಳಗೆ ಕುಂತ್ಕಳ್ರಿ, ಗಾಳಿ ಬರ್ತೈತೆ" ಎನ್ನುವಷ್ಟರಲ್ಲಿ ಬಿಳಿ ಬೊಲೆರೊ ಬಂದು ಎದುರಿಗೆ ನಿಂತಿತು. ಯೋಗೇಶ ಇಳಿದ. ಮುಂದಿನ ಸೀಟಿನಲ್ಲಿ ಅವನ ಅಜ್ಜಿ ಜುಂಜಮ್ಮ ಎಲೆಯಡಿಕೆ ಚೀಲ ಹಿಡಿದು ಕೂತಿದ್ದಳು. ಹುಟ್ಟಿದಾಗಿನಿಂದ ಕುರಿ ಹಿಂದೆಯೇ ತಿರುಗಿದ ಜೀವ.

"ಮುದ್ದಣ್ಣ, ಅದೇ ಸದ್ದು. ಏನಾರ ಮಾಡು ಮಾರಾಯ."

ಬರಬಾರದ ಹೊತ್ತಿನಲ್ಲಿ ಬಂದನಲ್ಲ ಈ ಗ್ರಹಚಾರ ಎಂದುಕೊಂಡ ಮುದ್ದಪ್ಪ. ಆದರೂ ನಗುಮುಖ ಮಾಡಿಕೊಂಡು ಹೋಗಿ ಸ್ಟೇರಿಂಗ್ ಮುಂದೆ ಕೂತ. ಸ್ಟಾರ್ಟ್ ಮಾಡಿ ಎಕ್ಸಿಲೇಟರ್ ಒತ್ತಿದ. ಕಿವಿಯಲ್ಲಿ ಇಂಜಿನ್ನಿನ ಗುಡುಗುಡು ಬಿಟ್ಟರೆ ಬೇರೇನೂ ಇಲ್ಲ. ತಿಪ್ಪೇರುದ್ರಪ್ಪನವರಿಗೂ ಕೇಳಲಿ ಎಂದು ದೊಡ್ಡ ದನಿಯಲ್ಲೇ ಹೇಳಿದ.

"ಹೂಂ, ಐತೆ ಐತೆ. ಚೆನ್ನಾಗೇ ಕೇಳ್ತೈತೆ. ಅರ್ತಿಂಗ್ ಇದು. ಐದು ನಿಮಿಷದ ಕೆಲಸ."

ಹೇಳುತ್ತಾ ಅಭ್ಯಾಸದಂತೆ ಯೋಗೇಶನ ಮುಖ ನೋಡಿದ. ಯೋಗೇಶ ತುಟಿ ಬಿಗಿದು, ಬರುವ ನಗುವನ್ನು ತಡೆದುಕೊಂಡು ನಿಂತಿದ್ದ. ಇವನ್ಯಾಕೆ ನಗುತ್ತಾನೆ? ಮುದ್ದಪ್ಪನಿಗೆ ಮನಸ್ಸಿನಲ್ಲಿ ಏನೋ ಚುಚ್ಚಿತು.

ಹಿಂದೆ ಹೋಗಿ ಸೀಟು ಎತ್ತಿದ. ಎತ್ತಿದವನು ಹಾಗೇ ನಿಂತುಬಿಟ್ಟ. ಅವನು ಹಾಕಿದ ಅರ್ತಿಂಗ್ ಬೋಲ್ಟು ಅಲ್ಲಿರಲಿಲ್ಲ. ಬೇರೆ ಕಡೆ ಪೇಂಟು ಕೆರೆದು ತಗಡು ಫಳಫಳ ಹೊಳೆಯುವ ಹಾಗೆ ಮಾಡಿ, ಕೇಬಲ್ಲಿನ ತುದಿಗೆ ಹೊಸ ಲಗ್ಗು ಒತ್ತಿ, ಹೊಸ ಬೋಲ್ಟು ಬಿಗಿದಿದ್ದರು. ಮುಂದೆ ಡ್ಯಾಶ್‌ಬೋರ್ಡಿನಲ್ಲಿ ಹಾಡು ಹಾಕುವ ಸೆಟ್ಟಿನಿಂದ ಬರುವ ಸಣ್ಣ ವೈರನ್ನೂ ದಪ್ಪ ಕೇಬಲ್ಲಿನ ಪಕ್ಕದಿಂದ ಬಿಡಿಸಿ ಆಚೆ ಮಗ್ಗುಲಿಗೆ ಎಳೆದಿದ್ದರು. ಯಾರೋ ಬಲ್ಲವನೇ ಮಾಡಿದ ಕೆಲಸ. ಮುದ್ದಪ್ಪ ತನ್ನ ಕೈಯಾರೆ ಮಾಡಿದ್ದರೂ ಇದಕ್ಕಿಂತ ಚೆನ್ನಾಗಿ ಆಗುತ್ತಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಗಾಡಿಯಲ್ಲಿ ಸದ್ದು ಎಲ್ಲಿಂದ ಬರಬೇಕು? ಇಲ್ಲ, ಸದ್ದು ಇಲ್ಲ. ಅವತ್ತು ಭ್ರಮೆ ಅಂದದ್ದಕ್ಕೆ ಸೇಡು. ಎಲ್ಲೋ ಸರಿ ಮಾಡಿಸಿಕೊಂಡು ಬಂದು, ಇಲ್ಲದ ಸದ್ದನ್ನು ಇದೆ ಅನ್ನಿಸಿ, ತಿಪ್ಪೇರುದ್ರಪ್ಪನವರ ಎದುರಿಗೆ ಮರ್ಯಾದೆ ಕಳೆಯುವ ಹುನ್ನಾರ. ತಾನು ಕೇಳುತ್ತಿದೆ ಎಂದು ಬೇರೆ ಹೇಳಿಯಾಗಿದೆ! ಏನೋ ತಿರುಪಿ, ಸದ್ದು ಹೋಯಿತು ಎಂದರೆ, ಇರಲೇ ಇಲ್ಲವಲ್ಲಣ್ಣಾ ಎಂದು ಕೇಕೆ ಹಾಕುತ್ತಾನೆ. ಎಲಾ ಇವನ!

ಅವನಿಗೆ ಸಿಟ್ಟು ಬಂತು. ಸಿಟ್ಟಿನ ಜೊತೆಗೆ, ಸಿಕ್ಕಿಬೀಳುವ ಮುಂಚೆ ಕಂಡುಹಿಡಿದೆನಲ್ಲ ಎನ್ನುವ ಜಂಬವೂ ಬಂತು. ಕೈ ಒರೆಸಿಕೊಂಡು ಈಚೆಗೆ ಬಂದು ಗಹಗಹಿಸಿ ನಕ್ಕ.

"ಲೇ ಯೋಗೇಶ, ಯಾರ ಹತ್ರ ನಾಟಕ ಆಡ್ತೀಯೋ? ಬೇರೆ ಕಡೆ ರಿಪೇರಿ ಮಾಡಿಸ್ಕಂಡು ಬಂದು ನನ್ನ ಕಿವಿ ಪರೀಕ್ಷೆ ಮಾಡ್ತೀಯಾ? ಸದ್ದೂ ಇಲ್ಲ, ಗಿದ್ದೂ ಇಲ್ಲ. ನೀನು ಎಲ್ಲಿವರೆಗೂ ಹೋಗ್ತೀಯ ನೋಡಾಣ ಅಂತ ಐತೆ ಅಂದೆ ಅಷ್ಟೇ." ಹಾಗೇ ಅಂಗಡಿ ಕಡೆ ತಿರುಗಿದ. "ನೋಡಿದ್ರಾ ಸಾವ್ಕಾರ್ರೆ, ನಮಗೇ ಟೋಪಿ ಹಾಕಾಕೆ ಬರ್ತಾರೆ."

ಯೋಗೇಶ ನಗಲಿಲ್ಲ. ಸಿಕ್ಕಿಬಿದ್ದವನ ಹಾಗೆ ತಲೆಯನ್ನೂ ತಗ್ಗಿಸಲಿಲ್ಲ. ಬಾಯಿ ಬಿಟ್ಟುಕೊಂಡು ಮುದ್ದಪ್ಪನನ್ನೇ ನೋಡಿದ.

"ಅಣ್ಣ, ದುರ್ಗದಾಗೆ ಮಾಡಿಸಿದ್ದು ನಿಜ. ನೀನು ಬೈದು ಕಳಿಸಿದ್ಯಲ್ಲ, ಅದಕ್ಕೆ ಹೋದೆ. ಅರ್ಧ ಕಮ್ಮಿ ಆತು. ಇನ್ನರ್ಧ ಎಲ್ಲಿಂದ ಬರ್ತೈತೋ ಅವನಿಗೆ ಸಿಗಲಿಲ್ಲ. ಹಿರಿಯೂರು ಮುದ್ದಣ್ಣನ ಕಿವಿಗೇ ಸಿಗಬೇಕು, ಅಲ್ಲಿಗೇ ಹೋಗು ಅಂತ ಅವನೇ ಕಳಿಸ್ದ."

"ಮತ್ತೆ ಯಾಕೆ ನಗ್ತಿದ್ದೆ?"

"ನಿನ್ನ ನೋಡಿ ಯಾಕಣ್ಣ ನಗ್ಲಿ? ಅಜ್ಜಿನ ನೋಡಿ ನಗು ಬಂತು. ಗಾಡಿ ಒಳಗೆ ಕುರಿಮರಿ ಅಳ್ತೈತೆ ಅಂತ ಬೆಳಗ್ಗಿಂದ ಸೀಟಿನಡಿ ಬಗ್ಗಿ ಬಗ್ಗಿ ಹುಡುಕ್ತಾ ಅವಳೆ."

"ಅಳ್ತೈತಲ್ಲೋ ಮತ್ತೆ" ಎಂದಳು ಒಳಗಿನಿಂದ ಜುಂಜಮ್ಮ. "ತಾಯಿ ತಪ್ಪಿಸ್ಕಂಡ ಮರಿ ಅತ್ತಂಗೆ ಈಗ್ಲೂ ಅಳ್ತೈತೆ."

ತಿಪ್ಪೇರುದ್ರಪ್ಪ ಗ್ಲಾಸು ಹಿಡಿದುಕೊಂಡೇ ಎದ್ದು ಬಂದರು. ಕಿಟಕಿಯೊಳಗೆ ತಲೆ ತೂರಿಸಿ ಒಂದು ಗಳಿಗೆ ನಿಂತರು.

"ಹೌದಲ್ಲಪ್ಪ. ಕುಂಯ್ ಅಂತೈತಲ್ಲ. ನನಗೇ ಕೇಳ್ತೈತೆ." ತಲೆ ಈಚೆಗೆ ತೆಗೆದು ಮುದ್ದಪ್ಪನ ಕಡೆ ನೋಡಿದರು. "ಮುದ್ದಪ್ಪ, ನಿನಗೆ…?"

ಪ್ರಶ್ನೆಯನ್ನು ಅವರು ಪೂರ್ತಿ ಮಾಡಲಿಲ್ಲ, ಆದರೆ ಎಲ್ಲರಿಗೂ ಅರ್ಥವಾಗಿತ್ತು. ಪಕ್ಕದ ಪಂಚರ್ ಅಂಗಡಿಯವರು ಕೂಡ ಕೆಲಸ ಬಿಟ್ಟು ಇತ್ತ ತಿರುಗಿದ್ದರು. ಮುದ್ದಪ್ಪನ ದಾರಿಗೆ ಅಡ್ಡ ಯಾರೂ ಹಗ್ಗ ಕಟ್ಟಿರಲಿಲ್ಲ, ತಾನೇ ಕಟ್ಟಿಕೊಂಡು ತಾನೇ ಎಡವಿ ಬಿದ್ದಿದ್ದ. ಇಂಜಿನ್ ಬಿಸಿಯಾಗಿರುವಾಗ ಹಾಗೆ ಆಗುತ್ತದೆ, ಹೀಗೆ ಆಗುತ್ತದೆ ಎಂದು ಏನಾದರೂ ಹೇಳಬಹುದಿತ್ತು. ಬಾಯಿ ತೆರೆದದ್ದೂ ಅದಕ್ಕೇ. ಬಂದ ಮಾತು ಬೇರೆ.

"ನನಗೆ ಕೇಳಲ್ಲ. ಸಣ್ಣ ಸದ್ದು ಯಾವುದೂ ಕೇಳಲ್ಲ. ಬಾಳ ದಿನ ಆತು."

ತಿಪ್ಪೇರುದ್ರಪ್ಪ ಕೆಟ್ಟವರಲ್ಲ. ಅಯ್ಯೋ ಪಾಪ ಎಂದರು. ಗ್ಲಾಸನ್ನು ಬೆಂಚಿನ ಮೇಲಿಟ್ಟು, ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡರು. "ಗಾಡಿ ವಿಚಾರ ಆಮೇಲೆ ಮಾತಾಡಾಣ, ಆಗಬಹುದಾ?" ಎಂದು ಬಸ್‌ಸ್ಟ್ಯಾಂಡ್ ಕಡೆ ನಡೆದರು. ಮೂರು ಗಾಡಿಯ ಕೆಲಸ ಅವರ ಹಿಂದೆಯೇ ನಡೆದುಹೋಯಿತು. ಮುದ್ದಪ್ಪ ತಡೆಯಲಿಲ್ಲ.

"ಹೋಗ್ಲಿ ಬಿಡಣ್ಣ, ಇನ್ನೊಂದ್ ಸಲ ನೋಡಾಣ" ಎನ್ನುತ್ತಾ ಯೋಗೇಶ ಡ್ರೈವರ್ ಸೀಟಿಗೆ ಹತ್ತಿದ. ಅಷ್ಟರಲ್ಲಿ ಜುಂಜಮ್ಮ ಈ ಕಡೆಯ ಬಾಗಿಲು ತೆರೆದು ಇಳಿದೇಬಿಟ್ಟಳು.

"ಎಲ್ಲಿಗೋ? ಇದರ ಅಳು ನಿಲ್ಲೋವರೆಗೂ ನಾನು ಹತ್ತಲ್ಲ ನೋಡು. ಜೀವ ಹಿಂಡ್ತೈತೆ."

"ಆಯಪ್ಪಂಗೆ ಕೇಳಲ್ಲ ಅಂತಲ್ಲಜ್ಜಿ."

"ನನಗೆ ಕೇಳ್ತೈತಲ್ಲ!" ಅವಳು ಅಂಗಡಿಯ ಸ್ಟೂಲನ್ನು ತಾನೇ ಎಳೆದುಕೊಂಡು ಬಂದು ಬಾಗಿಲ ಪಕ್ಕದಲ್ಲಿ ಕೂತಳು. "ನೀನು ಬಿಚ್ಚಪ್ಪ. ನಾನು ಹೇಳ್ತೀನಿ."

ಮುದ್ದಪ್ಪ ಸ್ಕ್ರೂಡ್ರೈವರ್ ತೆಗೆದುಕೊಂಡ. ಬೇರೆ ಏನು ಮಾಡಬೇಕೆಂದು ಅವನಿಗೂ ಗೊತ್ತಿರಲಿಲ್ಲ. ಒಂದು ಉದ್ದ ವೈರಿನ ಒಂದು ತುದಿಯನ್ನು ದುರ್ಗದವನ ಹೊಸ ಬೋಲ್ಟಿಗೆ ಕಟ್ಟಿ, ಇನ್ನೊಂದು ತುದಿಯನ್ನು ಒಂದೊಂದೇ ಜಾಗಕ್ಕೆ ಮುಟ್ಟಿಸುತ್ತಾ ಬಂದ.

"ಈಗ?"

"ಐತೆ."

"ಈಗ?"

"ಐತೆ. ಇನ್ನೂ ಜೋರಾತು."

ಹಾಗೇ ಡ್ಯಾಶ್‌ಬೋರ್ಡಿಗೆ ಬಂದು ಸೆಟ್ಟನ್ನು ಮುಂದಕ್ಕೆ ಎಳೆದ. ಹಿಂದುಗಡೆ ಸೆಟ್ಟಿನ ಅರ್ತಿಂಗ್ ವೈರನ್ನು ಗಾಡಿಯ ಯಾವುದೋ ಸಪೂರ ವೈರಿಗೆ ಬರಿಗೈಯಲ್ಲಿ ಹೊಸೆದು ಟೇಪು ಸುತ್ತಿತ್ತು. ದುರ್ಗದವನದಲ್ಲ, ಅದು ಮುದ್ದಪ್ಪನದೇ ಕೈಕೆಲಸ. ಸೆಟ್ಟಿನ ಅರ್ತಿಂಗ್ ಒಂದು ಕಡೆ, ಆಂಪ್ಲಿಫೈಯರಿನದು ಇನ್ನೊಂದು ಕಡೆ ಇದ್ದರೆ ಸದ್ದು ಬಾರದೆ ಇನ್ನೇನು ಬರುತ್ತದೆ? ಇದನ್ನು ಅವನು ಎಷ್ಟೋ ಜನಕ್ಕೆ ಬೈದು ಕಲಿಸಿದ್ದ. ಕೂರಿಸಿದ ದಿನ ಕಿವಿಗೆ ಏನೂ ಬೀಳಲಿಲ್ಲ, ಅಲ್ಲಿಗೆ ಸರಿಯಿದೆ ಎಂದು ಡ್ಯಾಶ್‌ಬೋರ್ಡು ಮುಚ್ಚಿದ್ದ.

ಟೇಪು ಕಿತ್ತ. ಗಂಟು ಕತ್ತರಿಸಿದ. ಸೆಟ್ಟಿನ ವೈರಿಗೆ ತನ್ನ ಉದ್ದ ವೈರಿನ ತುದಿಯನ್ನು ಸೇರಿಸಿ ಗಟ್ಟಿಯಾಗಿ ಒತ್ತಿದ. ಈಗ ಎರಡರದ್ದೂ ಒಂದೇ ಬೋಲ್ಟು. ಸೆಟ್ಟು ಆನ್ ಮಾಡಿ, ಯೋಗೇಶನಿಗೆ ಎಕ್ಸಿಲೇಟರ್ ಒತ್ತಲು ಕೈಸನ್ನೆ ಮಾಡಿದ. ಇಂಜಿನ್ ಏರಿ ಇಳಿಯಿತು, ಮತ್ತೆ ಏರಿತು.

ಜುಂಜಮ್ಮ ಕತ್ತು ವಾಲಿಸಿ, ಅಗಿಯುವುದನ್ನು ನಿಲ್ಲಿಸಿ ಕೇಳಿದಳು.

"ಹೋತು."

ಮುದ್ದಪ್ಪನಿಗೆ ಆಗ ಎಷ್ಟು ಕೇಳುತ್ತಿತ್ತೋ ಈಗಲೂ ಅಷ್ಟೇ ಕೇಳುತ್ತಿತ್ತು. ಇದ್ದದ್ದೂ ಗೊತ್ತಾಗಿರಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಅವನಿಗೆ ಅಳು ಬಂದಂತಾಯಿತು.

"ಸರಿಯಾಗಿ ಕೇಳಮ್ಮ. ನಿಜವಾಗ್ಲೂ ಹೋತಾ? ನನ್ನ ಸಮಾಧಾನಕ್ಕೆ ಹೇಳ್ಬೇಡ."

ಜುಂಜಮ್ಮ ಎದ್ದು ಸೀರೆ ಕೊಡವಿಕೊಂಡಳು.

"ನಾನ್ಯಾಕಪ್ಪ ಸುಳ್ಳು ಹೇಳ್ಲಿ? ಕೇಳ್ತೈತೆ ಅಂದೋನೂ ನೀನೆ, ಇಲ್ಲ ಅಂದೋನೂ ನೀನೆ. ನಾನು ಬೆಳಗ್ಗಿಂದ ಒಂದೇ ಮಾತು ಹೇಳ್ತಿದೀನಿ."

ಅವಳು ಗಾಡಿ ಹತ್ತಿ ಕೂತು ಬಾಗಿಲು ಎಳೆದುಕೊಂಡಳು. ಮುದ್ದಪ್ಪ ಸೆಟ್ಟನ್ನು ಒಳಗೆ ತಳ್ಳಿ, ಒಂದೊಂದೇ ಸ್ಕ್ರೂ ಬಿಗಿಯತೊಡಗಿದ.