ಸೈಕಲ್ ಬಿಡುವವರು

ನನ್ನ ಗಂಡ ಜಯರಾಜ ಅಸಲಿ ಸೈಕ್ಲಿಸ್ಟ್. ಇದು ನಾನು ಹೇಳುವುದಲ್ಲ, ಅವರೇ ಹೇಳಿಕೊಳ್ಳುವುದು. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮದೊಂದು ಪುಸ್ತಕದ ಅಂಗಡಿ ಇದೆ. ಪೆನ್ನು ಕೊಳ್ಳಲು ಬಂದ ಕಾಲೇಜು ಹುಡುಗರನ್ನು ನಿಲ್ಲಿಸಿಕೊಂಡು ಅಸಲಿ ಯಾರು, ನಕಲಿ ಯಾರು ಎಂದು ಇವರು ಪಾಠ ಮಾಡುತ್ತಾರೆ. ಅಸಲಿ ಸೈಕ್ಲಿಸ್ಟನ ಸೈಕಲ್ಲಿಗೆ ಸ್ಟ್ಯಾಂಡ್ ಇರಬಾರದಂತೆ. ಹಾಗಾದರೆ ನಿಲ್ಲಿಸುವುದು ಹೇಗೆ? ಗೋಡೆಗೆ ಒರಗಿಸಬೇಕು. ಗೋಡೆ ಇಲ್ಲದಿದ್ದರೆ? ಹಿಡಿದುಕೊಂಡು ನಿಲ್ಲಬೇಕು. ಬೆಲ್ ಇರಬಾರದು, ಮಡ್‌ಗಾರ್ಡ್ ಇರಬಾರದು, ಬುಟ್ಟಿಯಂತೂ ಕೂಡದೇ ಕೂಡದು. ಮಡ್‌ಗಾರ್ಡ್ ಇಲ್ಲದೆ ಮಳೆಗಾಲದಲ್ಲಿ ಬೆನ್ನಿಗೆ ಹಾರುವ ಕೆಸರನ್ನು ತೊಳೆಯುವವರು ಯಾರು ಎಂಬುದು ಅಸಲಿಗಳ ಶಾಸ್ತ್ರದಲ್ಲಿ ಇಲ್ಲ.

ಇಂಥ ಅಸಲಿಗಳು ಹತ್ತು ಹನ್ನೆರಡು ಮಂದಿ ಸೇರಿ 'ಬೆದ್ರ ಪೆಡಲ್ ಬಳಗ' ಎಂದು ಕಟ್ಟಿಕೊಂಡಿದ್ದಾರೆ. ಬೆದ್ರ ಎಂದರೆ ತುಳುವಿನಲ್ಲಿ ಮೂಡುಬಿದಿರೆ. ಭಾನುವಾರ ಬೆಳಿಗ್ಗೆ ಮೈಗೆ ಅಂಟುವ ಹಳದಿ ಅಂಗಿ ತೊಟ್ಟು, ಹೊಟ್ಟೆಯನ್ನು ಒಳಗೆ ಎಳೆದುಕೊಂಡು ಫೋಟೋ ತೆಗೆಸಿಕೊಂಡು, ಆಮೇಲೆ ಅದನ್ನು ಹೊರಗೆ ಬಿಟ್ಟು ಹೊರಡುತ್ತಾರೆ. ಇವರು ಮನೆಗೆ ಮರಳುವಾಗ ಮಧ್ಯಾಹ್ನವಾಗಿರುತ್ತದೆ. ಬಂದವರೇ ಸೋಫಾದ ಮೇಲೆ ಬಿದ್ದು, "ನಲ್ವತ್ತು ಕಿಲೋಮೀಟರ್ ಮಾರಾಯ್ತಿ, ಹೋಗಿ ಬಂದು ನಲ್ವತ್ತು" ಎಂದು ನರಳುತ್ತಾರೆ. ನಾನು ಎಣ್ಣೆ ಬಿಸಿ ಮಾಡಿ ಕಾಲೊತ್ತುತ್ತೇನೆ.

ನನ್ನದೂ ಒಂದು ಸೈಕಲ್ ಇದೆ. ಮಗಳು ಸಮೀಕ್ಷಾ ಸ್ಕೂಟರ್ ಹತ್ತಿದ ಮೇಲೆ ಅವಳ ಸೈಕಲ್ ಮೂಲೆ ಸೇರಿತ್ತು. ನಲ್ವತ್ತೆಂಟನೆಯ ವಯಸ್ಸಿನಲ್ಲಿ ನಾನು ಅದನ್ನು ಹೊರಗೆಳೆದು, ಅಂಗಳದಲ್ಲಿ ಬಿದ್ದು ಎದ್ದು ಕಲಿತೆ. ಈಗ ಅಂಗಡಿಗೆ, ಬಸದಿಗೆ, ಅಲಂಗಾರಿನ ತಂಗಿಯ ಮನೆಗೆ, ಮನಸ್ಸಾದರೆ ಸುಮ್ಮನೆ ಶಿರ್ತಾಡಿಯವರೆಗೂ ಅದರಲ್ಲೇ. ಅದಕ್ಕೆ ಸ್ಟ್ಯಾಂಡ್ ಇದೆ, ಬೆಲ್ ಇದೆ, ಬುಟ್ಟಿ ಇದೆ. ಇವರ ಪ್ರಕಾರ ಅದು ಸೈಕಲ್ಲೇ ಅಲ್ಲ, ತರಕಾರಿ ಗಾಡಿ.

ಇವರನ್ನು ಇಷ್ಟೆಲ್ಲ ಬೈದರೂ ನನಗೊಂದು ಆಸೆ ಇತ್ತು. ಒಂದೇ ಒಂದು ಸಲ ಇವರ ಪಕ್ಕದಲ್ಲಿ ಸೈಕಲ್ ಬಿಡಬೇಕು. ಮದುವೆಯಾದಂದಿನಿಂದ ಮೊದಲು ಲೂನಾದಲ್ಲಿ, ಆಮೇಲೆ ಸ್ಕೂಟರಿನಲ್ಲಿ ಇವರ ಹಿಂದೆ ಕೂತು ಇವರ ಬೆನ್ನು ನೋಡಿ ನೋಡಿ ಸಾಕಾಗಿದೆ. ಅವರವರ ಗಾಡಿಯಲ್ಲಿ ಅವರವರು, ಮಾತಾಡುತ್ತಾ ಒಂದು ದಾರಿ ಹೋಗಬೇಕು. ಅಷ್ಟೇ.

ಕಳೆದ ತಿಂಗಳು ಬಳಗದ ವೇಣೂರು ಸವಾರಿ ನಿಗದಿಯಾಯಿತು. ಈ ಸಲ ಮನೆಯವರೂ ಬರಬಹುದು ಎಂದು ವಾಟ್ಸಾಪಿನಲ್ಲಿ ಸುದ್ದಿ ಬಂತು. ಹಾಕಿದವರು ಕಾರ್ಯದರ್ಶಿ ಹಿರೇಗೌಡರ್ ಸರ್. ಧಾರವಾಡ ಕಡೆಯವರು, ಇಲ್ಲಿಯ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಾರೆ. ಹೆಂಗಸರಿಗೆ, ಸಾಮಾನು ಸಾಗಿಸುವ ಹನೀಫಾನ ಪಿಕಪ್ಪಿನಲ್ಲಿ ಜಾಗ ಇದೆ, ಬರುವವರು ತಿಳಿಸಿ ಎಂದಿದ್ದರು. ನಾನು ಹಾಕಿದೆ: "ನಾನು ಸೈಕಲ್ ಬಿಡ್ತೇನೆ."

ಕೂಡಲೇ ಅವರಿಂದ ಉತ್ತರ ಬಂತು. "ಅತ್ಯುತ್ತಮ ನಿರ್ಧಾರ ಮೇಡಂ. ಬೆಳಗಿನ ತಿಂಡಿಯ ಜವಾಬ್ದಾರಿ ನಿಮ್ಮದು." ಕೊನೆಗೆ ಕೈಮುಗಿದ ಚಿತ್ರ. ನನಗೆ ಖುಷಿಯಾಯಿತು. ತಿಂಡಿಯನ್ನು ಹೇಗೂ ಹೆಂಗಸರ ತಲೆಗೇ ಕಟ್ಟುತ್ತಾರೆ, ಅದರಲ್ಲಿ ಹೊಸತೇನಿಲ್ಲ ಎಂದುಕೊಂಡೆ. ಜೈನರ ಮನೆಯ ಕ್ರಮದಂತೆ ಸೂರ್ಯ ಮುಳುಗುವ ಮೊದಲು ಊಟಕ್ಕೆ ಕೂತಾಗ ಇವರೂ ಮೊಬೈಲಿನಲ್ಲಿ ಅದನ್ನೆಲ್ಲ ಓದಿದರು. ಇನ್ನೊಂದು ಸೌಟು ಸಾರು ಕೇಳಿದರು.

ಭಾನುವಾರ ಬೆಳಿಗ್ಗೆ ಇವರು ಟಯರಿಗೆ ಗಾಳಿ ತುಂಬಿಸಬೇಕೆಂದು ಬೇಗನೆ ಹೊರಟುಹೋದರು. ಬಟಾಟೆಯಾಗಲಿ ನೀರುಳ್ಳಿಯಾಗಲಿ ಹಾಕದ ಪಲ್ಯ ಮತ್ತು ಬಾಳೆಹಣ್ಣಿನ ಬನ್ಸ್ ತುಂಬಿದ ಡಬ್ಬಿಗಳನ್ನು ನಾನು ಬುಟ್ಟಿಯಲ್ಲಿ, ಕ್ಯಾರಿಯರಿನಲ್ಲಿ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆ. ಹನೀಫಾ ಡಬ್ಬಿಗಳನ್ನು ಇಳಿಸಿ ಪಿಕಪ್ಪಿನಲ್ಲಿಟ್ಟ. ಹಿರೇಗೌಡರ್ ಸರ್ ನನ್ನ ಸೈಕಲನ್ನೇ ನೋಡುತ್ತಿದ್ದರು.

"ಮೇಡಂ, ಇದನ್ಯಾಕ ತಂದ್ರಿ? ನಿಮಗ ಪಿಕಪ್ಪಿನ್ಯಾಗ ಸೀಟ್ ಇಟ್ಟೀವಲ್ರೀ."

"ನನಗೆ ಸೀಟ್ ಎಂತಕ್ಕೆ? ನಾನು ಸೈಕಲ್ ಬಿಡ್ತೇನೆ ಅಂತ ಹಾಕಿದ್ದೆನಲ್ಲ ಸರ್?"

"ಅದಕ್ಕ ರೀ. ಬಿಡ್ತೀನಿ ಅಂದ ಮ್ಯಾಲೆ ಮತ್ತ್ಯಾಕ ತಂದ್ರಿ?"

ಹನೀಫಾ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ಸರ್, ನಾನು ಮದುವೆಗೆ ಮೊದಲಿಂದ ಪಿಕಪ್ ಬಿಡ್ತಾ ಇದ್ದೇನೆ. ಹಾಗಂತ ಅದನ್ನು ರಸ್ತೆಯಲ್ಲಿ ಬಿಟ್ಟು ಮನೆಗೆ ಹೋಗಿದ್ದೇನಾ? ನಮ್ಮಲ್ಲಿ ಬಿಡುದು ಅಂದ್ರೆ ಓಡಿಸುದು ಮಾರಾಯ್ರೆ!"

ಎಲ್ಲರೂ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಪಾಪ, ಹಿರೇಗೌಡರ್ ಸರ್ ಮುಖ ಕೆಂಪಾಯಿತು.

"ನಮ್ಮ ಕಡೆ ಸೈಕಲ್ ಹೊಡಿತೀನಿ ಅಂತಾರ್ರೀ. ತಪ್ಪು ತಿಳೀಬ್ಯಾಡ್ರಿ ಮೇಡಂ. ಆದ್ರೂ ನನಗ ಡೌಟ್ ಬಂದಿತ್ತು. ಅದಕ್ಕ ಜಯರಾಜ್ ಸರ್‌ಗೆ ಫೋನ್ ಹಚ್ಚಿ ಕೇಳಿದ್ನಿ. ಹೌದು, ಆಕಿ ಇನ್ನ ಸೈಕಲ್ ಮುಟ್ಟಂಗಿಲ್ಲ ಅಂದ್ರು."

ನಗು ನಿಂತಿತು. ಇವರು ಬಗ್ಗಿ, ಆಗಲೇ ಗಾಳಿ ತುಂಬಿಸಿದ್ದ ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು.

ಧಾರವಾಡದವರಿಗೆ ನಮ್ಮ ಮಾತು ತಿಳಿಯದಿದ್ದರೆ ಅದು ತಪ್ಪಲ್ಲ. ಬೆದ್ರದಲ್ಲೇ ಹುಟ್ಟಿ, ಮನೆಯಲ್ಲಿ ತುಳು ಮಾತಾಡಿ, ಬಾಯಿ ತೆರೆದರೆ 'ಕಾರು ಬಿಟ್ಟೆ, ಬೈಕ್ ಬಿಟ್ಟೆ' ಎನ್ನುವ ಈ ಮನುಷ್ಯನಿಗೆ ತಿಳಿಯಲಿಲ್ಲವೇ? ಬೇಡ ಎಂದು ನನ್ನ ಮುಖ ನೋಡಿ ಹೇಳುವ ಧೈರ್ಯ ಇಲ್ಲ. ಪರವೂರಿನವರ ತಪ್ಪು ತಿಳುವಳಿಕೆಯ ಮರೆಯಲ್ಲಿ ಕೂತು ಕೆಲಸ ಸಾಧಿಸುವುದು! ಇಷ್ಟು ಮಂದಿಯ ಎದುರು ನಾನು ಸುಮ್ಮನೆ ಪಿಕಪ್ ಹತ್ತುತ್ತೇನೆಂದು ಇವರ ಲೆಕ್ಕ.

"ಎಂತ ಇದು?" ಎಂದೆ.

"ಅದು... ನಿನಗೆ ಮೊಣಗಂಟು ನೋವು ಉಂಟಲ್ಲ, ಹಾಗೆ ಹೇಳಿದ್ದು."

"ಮೊಣಗಂಟು ನೋವು ಇರುವುದು ನಿಮಗೆ."

ಇನ್ನು ಅಲ್ಲಿ ನಿಂತರೆ ಬಾಯಿಗೆ ಬಂದದ್ದು ಹೇಳಿಬಿಡುತ್ತೇನೆಂದು ಪೆಡಲ್ ತುಳಿದೆ.

ಊರು ದಾಟುವ ಮೊದಲೇ ಹಳದಿ ಅಂಗಿಗಳೆಲ್ಲ ನನ್ನನ್ನು ಹಿಂದೆ ಹಾಕಿ ಹೋದವು. ಅದರಲ್ಲಿ ಇವರದ್ದೂ ಇತ್ತು. ಹೋಗುವಾಗ "ನಿಧಾನಕ್ಕೆ ಬಾ" ಎಂದರು, ಅಂಗಡಿಗೆ ಬಂದ ಗಿರಾಕಿಗೆ ಹೇಳುವ ಹಾಗೆ. ಪೆರಿಂಜೆಯ ಹತ್ತಿರ ಏರು ಸಿಕ್ಕಿತು. ಅರ್ಧಕ್ಕೆ ಉಸಿರು ಕಟ್ಟಿತು, ಇಳಿದು ದೂಡಿದೆ. ಅಸಲಿ ಸೈಕ್ಲಿಸ್ಟ್ ಇಳಿದು ದೂಡಬಾರದೆಂದೂ ಒಂದು ನಿಯಮ ಉಂಟು. ಇರಲಿ. ರಸ್ತೆಗೆ ಅದು ಗೊತ್ತಿಲ್ಲ. ಏರಿನ ತುದಿಯಲ್ಲಿ ನೀರು ಕುಡಿದು ಮತ್ತೆ ಹತ್ತಿದೆ.

ವೇಣೂರು ಮುಟ್ಟುವಾಗ ತಿಂಡಿ ಮುಗಿದಿತ್ತು. ಡಬ್ಬಿಯಲ್ಲಿ ನನಗೆಂದು ಎರಡು ಬನ್ಸ್ ಉಳಿಸಿದ್ದರು, ಅದೂ ಹಿರೇಗೌಡರ್ ಸರ್ ಎತ್ತಿಟ್ಟದ್ದು. ಅಸಲಿಗಳು ರಸ್ತೆಯ ದೋಷ ಹೇಳುತ್ತಾ ಕಾಲು ಚಾಚಿ ಕೂತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಕಡೆ ಹನೀಫಾ ಸೈಕಲ್ಲುಗಳನ್ನು ಒಂದೊಂದಾಗಿ ಪಿಕಪ್ಪಿಗೆ ಏರಿಸಿ ಹಗ್ಗ ಕಟ್ಟುತ್ತಿದ್ದ.

"ಎಂತಾಯಿತು ಹನೀಫಾ? ಯಾರಿಗಾದರೂ ಪೆಟ್ಟಾಯಿತಾ?"

"ಇಲ್ಲ ಅಕ್ಕ, ಯಾವಾಗಲೂ ಹೀಗೆಯೇ. ಬರುವಾಗ ಸೈಕಲ್, ಹೋಗುವಾಗ ನಾನು."

ಕಚ್ಚಿದ ಬನ್ಸನ್ನು ಡಬ್ಬಿಗೇ ಮರಳಿ ಹಾಕಿದೆ. ಹಾಗಾದರೆ ಇಷ್ಟು ಭಾನುವಾರ ನಾನು ಎಣ್ಣೆ ಹಚ್ಚಿ ಒತ್ತಿದ್ದು ಪಿಕಪ್ಪಿನಲ್ಲಿ ಕೂತು ಬಂದ ಕಾಲುಗಳನ್ನು! ಇವರ ಕಡೆ ನೋಡಿದೆ. ಇವರು ಎದ್ದು ಕೈ ತೊಳೆಯಲು ಹೋದರು.

ಕೇಳುವುದೇನೂ ಉಳಿದಿರಲಿಲ್ಲ. ಬಾಟಲಿಗೆ ನೀರು ತುಂಬಿಸಿಕೊಂಡು ಬಂದ ದಾರಿಯಲ್ಲೇ ಹೊರಟೆ.

ಸ್ವಲ್ಪ ದೂರ ಹೋಗಿದ್ದೆ. ಹಿಂದಿನಿಂದ ಹಾರ್ನ್ ಕೇಳಿಸಿತು. ಪಿಕಪ್ ನನ್ನನ್ನು ದಾಟಿ ಬದಿಯಲ್ಲಿ ನಿಂತಿತು. ಇವರು ಎದುರಿನ ಸೀಟಿನಲ್ಲಿದ್ದರು, ಹೆಲ್ಮೆಟ್ ತೊಡೆಯ ಮೇಲಿತ್ತು. ಬಾಗಿಲು ತೆರೆದರು.

"ಹತ್ತು ತ್ರಿಶಲಾ, ಸಾಕು. ಬಿಸಿಲು ಏರ್ತಾ ಉಂಟು."

"ನೀವು ಇಳಿಯಿರಿ," ಎಂದೆ. "ಮುಂದೆ ಇಳಿಜಾರೇ ಉಂಟು. ಜೊತೆಯಲ್ಲಿ ಹೋಗುವ."

ಹೇಳುವಾಗ ನನ್ನ ಮಾತಿನಲ್ಲಿ ಕೊಂಕು ಇರಲಿಲ್ಲ. ಇಳಿದಿದ್ದರೆ ಬೆಳಗಿನದನ್ನೂ, ಎಣ್ಣೆಯ ಸಂಗತಿಯನ್ನೂ ಮರೆತುಬಿಡುತ್ತಿದ್ದೆ. ಅಷ್ಟು ಆಸೆ ಇತ್ತು ನನಗೆ.

ಇವರು ಹಿಂದೆ ತಿರುಗಿ ಬಳಗದವರ ಮುಖ ನೋಡಿದರು. "ನನ್ನ ಸೈಕಲ್ ಎಲ್ಲದರ ಅಡಿಯಲ್ಲಿ ಉಂಟು ಮಾರಾಯ್ತಿ. ಈಗ ತೆಗೆಯಲಿಕ್ಕೆ ಕಷ್ಟ."

"ಕಷ್ಟ ಏನ್ರೀ ಸರ್, ನಾವು ತಗೀತೀವಿ," ಎಂದು ಹಿರೇಗೌಡರ್ ಸರ್ ಹಿಂದಿನಿಂದ ಧುಮುಕಿ ಹಗ್ಗಕ್ಕೆ ಕೈ ಹಾಕಿದರು. ಒಂದು ಗಂಟು ಬಿಚ್ಚಿಯೂ ಆಯಿತು.

"ಬೇಡ, ಬೇಡ. ಕಟ್ಟಿ ಸರ್," ಎಂದರು ಇವರು.

ಸರ್ ನನ್ನನ್ನೊಮ್ಮೆ ನೋಡಿ, ಬಿಚ್ಚಿದ ಗಂಟನ್ನು ಮತ್ತೆ ಹಾಕಿದರು. ಹನೀಫಾ ಎಂಜಿನ್ ಚಾಲೂ ಇಟ್ಟುಕೊಂಡೇ ಕಾದ. ತೆರೆದ ಬಾಗಿಲ ಹತ್ತಿರ ನಾನೂ ಕಾದೆ. ಇವರು ಕೈ ಚಾಚಿ ಬಾಗಿಲು ಎಳೆದುಕೊಂಡರು.

"ಹೊರಡು ಹನೀಫಾ," ಎಂದೆ ನಾನೇ.