ಅರ್ಧ ಮನೆ ಕೆಳಗಿನ ಶ್ರುತಿ

ಫೋನಿನ ವಿಷಯದಲ್ಲಿ ಸಲಹೆ ಕೊಡದವರು ನಮ್ಮ ಕಡೆ ಯಾರೂ ಇಲ್ಲ. ನನ್ನದು ನಾಲ್ಕು ವರ್ಷ ಹಳೆಯ ಸೆಟ್ಟು. ಬೆಳಿಗ್ಗೆ ನೂರು ತೋರಿಸಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ ನಲವತ್ತಕ್ಕೆ ಬರುತ್ತಿತ್ತು, ನಲವತ್ತರಿಂದ ಸೀದಾ ಸೊನ್ನೆಗೆ ಇಳಿಯುತ್ತಿತ್ತು. ಅದರ ಜೊತೆಗೆ ದಿನಾ ಒಂದು ಸಂದೇಶ ಬೇರೆ: ಹೊಸ ಅಪ್‌ಡೇಟ್ ಬಂದಿದೆ, ವೇಗ ಹೆಚ್ಚುತ್ತದೆ, ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ನಾನು ‘ಆಮೇಲೆ’ ಎಂದು ಒತ್ತುತ್ತಿದ್ದೆ. ಎಂಟು ತಿಂಗಳು ಹಾಗೇ ಒತ್ತಿದೆ. ಸಿದ್ದಾಪುರದ ಬಸ್‌ಸ್ಟ್ಯಾಂಡ್ ಎದುರು ಝೆರಾಕ್ಸ್ ಅಂಗಡಿ ಇಟ್ಟವನಿಗೆ ದಿನವಿಡೀ ಊರವರ ಆಧಾರ್ ಕಾರ್ಡಿನ ಪ್ರತಿ ತೆಗೆದ ಮೇಲೆ ಇನ್ನೊಂದು ಗುಂಡಿ ಒತ್ತುವ ಹುರುಪು ಉಳಿದಿರುವುದಿಲ್ಲ.

ಸಿರ್ಸಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಕಾರ್ತಿಕನನ್ನು ಕೇಳಿದೆ. “ಹಳೇ ಸೆಟ್ಟಿಗೆ ಹೊಸ ಅಪ್‌ಡೇಟ್ ಹಾಕಡ ಉಲ್ಲಾಸಣ್ಣ, ಇನ್ನೂ ಸ್ಲೋ ಆಗ್ತು. ಬ್ಯಾಟ್ರಿ ಸತ್ತಿದ್ದಕ್ಕೆ ಅಪ್‌ಡೇಟ್ ಎಂತ ಮಾಡ್ತು?” ಎಂದ. ಅದೇ ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟಿರುವ ಮಧುರಾಳನ್ನು ಕೇಳಿದರೆ ಅವಳದು ಪೂರ್ತಿ ಉಲ್ಟಾ. “ಹಾಕಿದ್ರೇ ಚಾರ್ಜ್ ನಿಲ್ತು. ನೀ ಹಾಕದೇ ಇದ್ದದ್ದಕ್ಕೇ ಹಿಂಗಾಯ್ದು” ಎಂದು ನನಗೇ ಬೈದಳು. ಇಬ್ಬರೂ ಅಷ್ಟು ಖಾತ್ರಿಯಿಂದ ಹೇಳಿದ್ದರಿಂದ ನಾನು ಮನೆಗೆ ಬಂದು ಮತ್ತೆ ‘ಆಮೇಲೆ’ ಒತ್ತಿದೆ.

ಬರೀ ನನ್ನ ಫೋನಾಗಿದ್ದರೆ ಹಾಳಾಗಿ ಹೋಗಲಿ ಎಂದು ಬಿಡುತ್ತಿದ್ದೆ. ಆದರೆ ನಾಗಪತಿ ಮಾವನ ಶ್ರುತಿ ಇದ್ದದ್ದು ಆ ಫೋನಿನೊಳಗೆ.

ನಾಗಪತಿ ಮಾವ ಎಂದರೆ ನಿಲ್ಕುಂದದ ನಾಗಪತಿ ಹೆಗಡೆಯವರು, ಮಧುರಾಳ ಅಪ್ಪ, ನನಗೆ ದೂರದ ಸಂಬಂಧದಲ್ಲಿ ಮಾವ. ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಳೆಯಲ್ಲಿ ಪದ್ಯ ಹಾಡುವ ಭಾಗವತರು. ಎಪ್ಪತ್ತೊಂದು ವರ್ಷ. ಇಪ್ಪತ್ತೆರಡು ವರ್ಷಗಳಿಂದ ಅವರ ಪಕ್ಕ ಕೂತು ಮದ್ದಳೆ ಬಾರಿಸುವವನು ನಾನು. ಅವರ ಶ್ರುತಿಪೆಟ್ಟಿಗೆ ಕೆಟ್ಟು ನಿಂತಾಗ ನನ್ನ ಫೋನಿಗೆ ಒಂದು ಶ್ರುತಿ ಆ್ಯಪ್ ಹಾಕಿಕೊಂಡೆವು. ಅಲ್ಲಿಂದ ಅದೇ ರೂಢಿಯಾಯಿತು. ಮೈಕಿನ ಬುಡದಲ್ಲಿ ಫೋನು, ಅದರ ಹಿಂದೆ ಮಾವ, ಮಾವನ ಬಲಕ್ಕೆ ನಾನು.

ಮಾವ ಹಾಡುವುದು ಕಪ್ಪು ಎರಡರಲ್ಲಿ. ಹಾರ್ಮೋನಿಯಂನ ಎರಡನೆಯ ಕಪ್ಪು ಪಟ್ಟಿ; ಪಟ್ಟಿಗೆ ನಾವು ಮನೆ ಎನ್ನುತ್ತೇವೆ. ನಲವತ್ತು ವರ್ಷಗಳಿಂದ ಅದೇ. ಯಾರಾದರೂ ಭಾಗವತರು ವಯಸ್ಸಾಯಿತೆಂದು ಶ್ರುತಿ ಇಳಿಸಿದರೆ ಮಾವನ ಬಾಯಿಂದ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. “ಶ್ರುತಿ ಇಳ್ಸಿ ಹಾಡದ್ಕಿಂತ ಮನೇಲಿ ಮಲಗದು ಚೊಲೊ” ಎನ್ನುತ್ತಿದ್ದರು. ಎದುರಿಗೇ ಅನ್ನುತ್ತಿದ್ದರು, ಅದೂ ಊಟದ ಪಂಕ್ತಿಯಲ್ಲಿ.

ಎರಡು ವರ್ಷದ ಹಿಂದೆ ಹುಲಗೋಳದ ಒಂದು ತಾಳಮದ್ದಳೆ ಕೂಟದಲ್ಲಿ ಮೇಲಿನ ಸ್ವರಕ್ಕೆ ಹೋಗುವಾಗ ಅವರ ಗಂಟಲು ಒಡೆಯಿತು. ಒಂದೇ ಸಲ. ಜನ ಗಮನಿಸಿದರೋ ಇಲ್ಲವೋ, ಮಾವ ಗಮನಿಸಿದರು. ಆವತ್ತು ಊಟ ಮಾಡಲಿಲ್ಲ. ವಾಪಸ್ಸು ಬರುವಾಗ ಕಾರಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೇ ಇದ್ದರು. ನನಗೆ ಸಂಕಟವಾಯಿತು. ಈ ಮನುಷ್ಯ ಹಾಡು ಬಿಟ್ಟರೆ ಮತ್ತೆ ಏನು ಮಾಡುತ್ತಾರೆ ಎಂದು ಯೋಚಿಸಿ ಯೋಚಿಸಿ ಸಾಕಾಯಿತು.

ಆ ಆ್ಯಪಿನಲ್ಲಿ ಶ್ರುತಿಯ ಹೆಸರಿನ ಕೆಳಗೆ ಒಂದು ಸಪೂರ ಗೆರೆ ಇದೆ. ಅದನ್ನು ಎಡಕ್ಕೆ ಎಳೆದರೆ ಹೆಸರು ಹಾಗೇ ಇರುತ್ತದೆ, ನಾದ ಮಾತ್ರ ಕೂದಲೆಳೆಯಷ್ಟು ಇಳಿಯುತ್ತದೆ. ಮುಂದಿನ ಕೂಟಕ್ಕೆ ನಾನು ಕೂದಲೆಳೆಯಷ್ಟು ಇಳಿಸಿದೆ. ಅದರ ಮುಂದಿನದಕ್ಕೆ ಇನ್ನಷ್ಟು. ಮದ್ದಳೆಯನ್ನೂ ಅದಕ್ಕೆ ಸರಿಯಾಗಿ ಇಳಿಸುತ್ತ ಹೋದೆ. ಆರು ತಿಂಗಳಲ್ಲಿ ಮಾವ ಪೂರ್ತಿ ಅರ್ಧ ಮನೆ ಕೆಳಗೆ ಬಂದು, ಅಲ್ಲಿ ಗಟ್ಟಿಯಾಗಿ ಕೂತು ಹಾಡುತ್ತಿದ್ದರು. ಪರದೆಯ ಮೇಲೆ ಮಾತ್ರ ಕಪ್ಪು ಎರಡು ಎಂದೇ ಇತ್ತು. “ಈಗಿತ್ಲಾಗಿ ಗಂಟ್ಲು ಮತ್ತೆ ಕೂಡಿ ಬತ್ತಾ ಇದ್ದು ನೋಡು” ಎಂದು ಖುಷಿಯಲ್ಲಿದ್ದರು. ನಾನು ಹೌದು ಮಾವ ಎನ್ನುತ್ತಿದ್ದೆ. ಮಧುರಾಳಿಗೂ ಹೇಳಲಿಲ್ಲ. ಎರಡು ವರ್ಷ ಪ್ರತಿ ವಾರ ಒಂದೇ ಸುಳ್ಳನ್ನು ಶ್ರುತಿ ಕೂಡಿಸಿ ಬಾರಿಸುವುದು ಸುಲಭದ ಕೆಲಸವಲ್ಲ, ಮೈ ಕೈ ನೋವಿಗಿಂತ ಅದೇ ಹೆಚ್ಚು ದಣಿಸುತ್ತಿತ್ತು.

ಹೋದ ತಿಂಗಳು ಚಂದಗುಳಿಯಲ್ಲಿ ಒಂದು ರವಿವಾರ ಮಧ್ಯಾಹ್ನ ಕೂಟ ಗೊತ್ತಾಗಿತ್ತು. ಹಿಂದಿನ ಕೂಟದಲ್ಲಿ ಪದ್ಯದ ನಡುವೆ ಫೋನು ಸತ್ತು ಶ್ರುತಿ ನಿಂತು ಹೋಗಿತ್ತು. ಮಾವ ಕೆಂಡವಾಗಿದ್ದರು. ಶನಿವಾರ ನಾನು ನಿಲ್ಕುಂದಕ್ಕೆ ಹೋದಾಗ ಮಧುರಾ ಅಪ್ಪನ ಮನೆಗೆ ಬಂದಿದ್ದಳು. ನನ್ನ ಕೈಯಿಂದ ಫೋನು ಕಸಿದುಕೊಂಡು, “ಇಲ್ಲಿ ವೈಫೈ ಇದ್ದು, ಇವತ್ತು ಹಾಕೇ ಬಿಡ್ತಿ” ಎಂದು ಕೂತಳು. ಬೇಡ ಎನ್ನಬೇಕೆಂದುಕೊಂಡೆ. ವಾದ ಮಾಡುವಷ್ಟು ಜೀವ ಇರಲಿಲ್ಲ. ಒಂದು ತಾಸು ಅದು ಗಿರಗಿರ ತಿರುಗಿತು, ಬಿಸಿಯಾಯಿತು, ಆರಿತು, ಮತ್ತೆ ಹೊತ್ತಿತು. ಸಂಜೆಯೊಳಗೆ ಚಾರ್ಜು ಮೊದಲಿಗಿಂತ ಬೇಗ ಇಳಿಯಿತು.

“ಅದು ಒಂದಿನ ಹಂಗೇಯ. ಒಳಗೆಲ್ಲಾ ಜೋಡಿಸ್ಕತ್ತಾ ಇರ್ತು. ನಾಳಿಗೆ ಸರಿಯಾಗ್ತು” ಎಂದಳು ಮಧುರಾ.

ನಾಳೆಯ ಚಾರ್ಜು ಉಳಿಯಲಿ ಎಂದು ನಾನು ಮಾಡಿದ್ದು ಒಂದೇ ಕೆಲಸ. ರಾತ್ರಿ ಪೂರ್ತಿ ಚಾರ್ಜು ಮಾಡಿ, ಬೆಳಿಗ್ಗೆ ಫೋನನ್ನು ಆರಿಸಿಯೇ ಜೇಬಿಗೆ ಹಾಕಿಕೊಂಡೆ. ಮದ್ದಳೆ ಹಿಂದಿನ ವಾರದ ಶ್ರುತಿಯಲ್ಲೇ ಇತ್ತು, ಹಾಗಾಗಿ ಮತ್ತೆ ಕೂಡಿಸುವ ಗೋಜಿಗೂ ಹೋಗಲಿಲ್ಲ. ಮೂವರೂ ಕಾರಿನಲ್ಲಿ ಹೊರಟೆವು. ಸಿರ್ಸಿ ದಾಟಿ ಯಲ್ಲಾಪುರದ ರಸ್ತೆಯ ಹೊಂಡಗಳನ್ನು ಎಣಿಸುತ್ತ ಚಂದಗುಳಿ ಮುಟ್ಟುವಷ್ಟರಲ್ಲಿ ಸೊಂಟ ಹೇಳಿದ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಕೂಟವಿದ್ದ ಘಂಟೆ ಗಣಪತಿಯ ಸನ್ನಿಧಿಯಲ್ಲಿ ಹರಕೆಯವರ ಗದ್ದಲ. ನಾನು ಪಂಚೆ ಬದಲಿಸಿ ಚಾ ಕುಡಿದು ಬರುವಷ್ಟರಲ್ಲಿ ಮಧುರಾ ನಾನು ಬಿಚ್ಚಿಟ್ಟ ಪ್ಯಾಂಟಿನ ಜೇಬಿನಿಂದ ಫೋನು ತೆಗೆದು ಹಚ್ಚಿ ಮೈಕಿನ ಬುಡದಲ್ಲಿ ಇಟ್ಟಾಗಿತ್ತು.

“ಹೊಸ ಅಪ್‌ಡೇಟಿಗೆ ನಿನ್ನ ಹಳೇ ಆ್ಯಪ್ ತೆರೆಯದೇ ಇಲ್ಲೆ ಹೇಳ್ತು. ತೆಗೆದು ಹೊಸದು ಹಾಕಿದ್ದಿ. ಅಪ್ಪಂದು ಕಪ್ಪು ಎರಡು ಅಲ್ದಾ? ಅದನ್ನೇ ಇಟ್ಟಿದ್ದಿ” ಎಂದಳು.

ಬಗ್ಗಿ ಪರದೆ ನೋಡಿದೆ. ಕೆಳಗಿನ ಗೆರೆ ನಟ್ಟನಡುವೆ ನಿಂತಿತ್ತು. ನಾನು ಕೈ ಚಾಚುವುದರೊಳಗೆ ಮಾವ ಬಂದು ಕೂತರು, ತಾಳ ಎತ್ತಿಕೊಂಡರು, ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದರು. ಮದ್ದಳೆಗೆ ಒಂದು ಪೆಟ್ಟು ಹಾಕಿದೆ. ಶ್ರುತಿ ಒಂದು ಕಡೆ, ಮದ್ದಳೆ ಒಂದು ಕಡೆ.

“ಎಂತದಾ, ಮದ್ದಳೆ ಇಳದ್ದಲಾ! ಏರ್ಸು” ಎಂದರು ಮಾವ, ಮೈಕಿಗೂ ಕೇಳುವಂತೆ. ಎದುರಿಗಿದ್ದ ನಾಲ್ಕು ಜನ ನಕ್ಕರು.

ಆಗಲೇ ಹೇಳಬಹುದಿತ್ತು. ಫೋನಿನಲ್ಲಿ ಏನೋ ತಪ್ಪಾಗಿದೆ ಎಂದು ಗೆರೆ ಎಳೆಯಬಹುದಿತ್ತು. ಆದರೆ ಅವರು ಪರದೆಯನ್ನೇ ನೋಡುತ್ತಿದ್ದರು. ನಾನು ಹೇಡಿಯ ಹಾಗೆ ಸುತ್ತಿಗೆ ತೆಗೆದು ಮದ್ದಳೆಯ ಅಂಚಿಗೆ ಬಡಿದು ಏರಿಸಿದೆ. ಚರ್ಮ ಬಿಗಿದು ಬಿಗಿದು ನಿಜವಾದ ಕಪ್ಪು ಎರಡಕ್ಕೆ ಬಂತು. ಎರಡು ವರ್ಷದ ಮೇಲೆ ಆ ನಾದ ಕೇಳಿ ನನಗೇ ಹೊಸದೆನಿಸಿತು.

ಮೊದಲಿನ ಎರಡು ಪದ್ಯ ಮಾವ ಹೇಗೋ ದಾಟಿಸಿದರು. ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಾಣುತ್ತಿತ್ತು. ನಾನು ಫೋನಿನ ಕಡೆ ನೋಡಿದೆ. ಬೇರೆ ದಿನವಾದರೆ ಇಷ್ಟು ಹೊತ್ತಿಗೆ ಅದು ಅರ್ಧ ಪ್ರಾಣ ಬಿಟ್ಟಿರುತ್ತಿತ್ತು. ಸತ್ತರೆ ಮತ್ತೆ ಹಚ್ಚುವ ನೆಪದಲ್ಲಿ ಗೆರೆ ಇಳಿಸಬಹುದು. ಗಣಪತಿಯನ್ನೂ ಬೇಡಿಕೊಂಡೆ, ಸುಳ್ಳೇಕೆ ಹೇಳಲಿ. ಒಂದು ತಾಸಾದರೂ ತೊಂಬತ್ತೊಂದು ತೋರಿಸುತ್ತಿತ್ತು. ಮಧುರಾ ಹೇಳಿದ್ದೇ ಸರಿ, ಅಪ್‌ಡೇಟ್ ನಿಜವಾಗಿಯೂ ಕೆಲಸ ಮಾಡಿತ್ತು. ನನಗೆ ಅದನ್ನೆತ್ತಿ ಕೆರೆಗೆ ಎಸೆಯುವಷ್ಟು ಸಿಟ್ಟು ಬಂತು.

ಮೂರನೆಯ ಪದ್ಯದಲ್ಲಿ ಮಾವನ ಗಂಟಲು ಒಡೆಯಿತು. ಸಾವರಿಸಿಕೊಂಡು ಮತ್ತೆ ಹೋದರು, ಮತ್ತೆ ಒಡೆಯಿತು. ಮೂರನೆಯ ಸಲ ಅಲ್ಲಿಗೆ ಹೋಗದೆ ಕೆಳಗೇ ಮುಗಿಸಿಬಿಟ್ಟರು. ಸಭೆಯಲ್ಲಿ ಯಾರೋ ಕೆಮ್ಮಿದರು. ಪದ್ಯದ ಅರ್ಥವನ್ನು ಮಾತಿನಲ್ಲಿ ಹೇಳಲು ಕೂತಿದ್ದವರು ಮುಂಡಗೋಡ ಕಡೆಯ ಕಲ್ಲಯ್ಯ ಮಾಸ್ತರರು. ಅವರು ಮಾತು ಶುರು ಮಾಡಿದರೆ ಇಪ್ಪತ್ತು ನಿಮಿಷಕ್ಕೆ ಮೋಸವಿಲ್ಲ. ಅವರು ಶುರು ಮಾಡಿದರು. ಮಾವ ಮೈಕನ್ನು ಆಚೆ ತಿರುಗಿಸಿ ನನ್ನ ಕಡೆ ಬಾಗಿದರು. ಮುಖ ಬೆವರಿತ್ತು.

“ಹೋದ ವಾರ ಲಾಯ್ಕಿತ್ತಲ ಮಾರಾಯ. ಒಂದು ವಾರದಲ್ಲಿ ಹಿಂಗಾಗ್ತ?” ಎಂದರು. “ಇವತ್ತಿಗೆ ಮುಗತ್ತು ಕಾಣ್ತು. ಮಂಗಳ ಹಾಡಿ ತಾಳ ಇಟ್ಬಿಡ್ತಿ.”

ಆ ಮಾತು ಅವರ ಬಾಯಲ್ಲಿ ಕೇಳಲು ನನ್ನಿಂದ ಆಗಲಿಲ್ಲ. ಹೇಳಿಬಿಟ್ಟೆ. “ಗಂಟ್ಲಿಗೆ ಎಂತ ಆಯ್ದಿಲ್ಲೆ ಮಾವ. ಹೋದ ವಾರ ಹಾಡಿದ್ದು ಕಪ್ಪು ಎರಡಲ್ಲ. ಅರ್ಧ ಮನೆ ಕೆಳಗೆ. ಆನೇ ಇಳ್ಸಿದ್ದು. ಅಪ್‌ಡೇಟ್ ಮಾಡಿ ಅದು ಅಳಿಸಿ ಹೋತು.”

ಮಾವ ಪರದೆಯ ಕಡೆ ನೋಡಿದರು.

“ಯಾವಾಗಿಂದ?”

“ಹುಲಗೋಳದ ಕೂಟದಿಂದ.”

“ಎರಡು ವರ್ಷಾತು.”

“ಹೌದು ಮಾವ.”

ಬೈಯುತ್ತಾರೆ ಎಂದು ಕಾದೆ. ಎದ್ದು ಹೋದರೂ ಹೋದಾರು. ಅವರು ಫೋನನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದು ನೋಡಿದರು, ನನ್ನ ಕೈಗೆ ಕೊಟ್ಟರು. “ಇಳ್ಸು” ಎಂದರು.

ಗೆರೆಯನ್ನು ಎಡಕ್ಕೆ ಎಳೆದೆ. ಸುತ್ತಿಗೆಯಿಂದ ಮದ್ದಳೆಯನ್ನು ಕೆಳಗಿನಿಂದ ಮೇಲಕ್ಕೆ ತಟ್ಟಿ ಸಡಿಲಿಸಿದೆ. ಮಾಸ್ತರರ ಮಾತಿನ ನಡುವೆ ಅದು ಯಾರ ಗಮನಕ್ಕೂ ಬರಲಿಲ್ಲ, ಮದ್ದಳೆಯವರು ತಟ್ಟುತ್ತಲೇ ಇರುತ್ತಾರೆ. ಮುಂದಿನ ಪದ್ಯ ಮಾವ ಎತ್ತಿದರು. ಮೇಲಿನ ಸ್ವರಕ್ಕೆ ಹೋದರು, ನಿಂತರು, ಬೇಕಾದಷ್ಟು ಹೊತ್ತು ನಿಂತು ಇಳಿದರು. ಸಭೆಯಲ್ಲಿ ತಲೆಗಳು ಅಲ್ಲಾಡಿದವು. ಕಲ್ಲಯ್ಯ ಮಾಸ್ತರರು ಕೂತಲ್ಲಿಂದಲೇ, “ಈಗ ಬಂತ ನೋಡ್ರಿ ಭಾಗವತ್ರ ಗಂಟ್ಲ! ಇಷ್ಟೊತ್ತನಾ ಥಂಡಿ ಹಿಡದಿತ್ತೇನೋ” ಎಂದು ಮತ್ತೆ ಅರ್ಥಕ್ಕೆ ತೊಡಗಿದರು. ಎಲ್ಲ ಸರಿಹೋಯಿತು ಎಂದುಕೊಂಡೆ. ಇನ್ನು ಸುಳ್ಳು ಬಾರಿಸುವುದು ತಪ್ಪಿತಲ್ಲ ಎಂದು ಹಗುರವೂ ಆಯಿತು.

ಮಾವ ತಾಳವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

“ಗಂಟ್ಲು ಹೋಗ್ತು ಹೇಳಿ ಹೆದರ್ಕೆ ಇತ್ತು ಯಂಗೆ” ಎಂದರು ಮೆಲ್ಲಗೆ. “ಕಿವಿ ಹೋಗಿದ್ದು ಗೊತ್ತೇ ಆಯ್ದಿಲ್ಲೆ.”

“ಹಂಗಲ್ಲ ಮಾವ. ಕೂದಲೆಳೆಯಷ್ಟೇ ಇಳಿಸ್ತಾ ಹೋಗಿದ್ದು. ಯಾರಿಗೂ ಗೊತ್ತಾಗ್ತಿತ್ತಿಲ್ಲೆ.”

“ಭಾಗವತಂಗಾದ್ರೂ ಗೊತ್ತಾಗ್ಬೇಕಿತ್ತು” ಎಂದರು.

ಎರಡು ವರ್ಷ ನಾನು ಕಾಪಾಡಿದ್ದು ಯಾವುದನ್ನು, ಕಳೆದದ್ದು ಯಾವುದನ್ನು ಎಂದು ಆಗ ಲೆಕ್ಕ ಹತ್ತಲಿಲ್ಲ, ಈಗಲೂ ಹತ್ತುತ್ತಿಲ್ಲ. ಮಾಸ್ತರರು ಮಾತು ಮುಗಿಸಿ ನಮ್ಮ ಕಡೆ ನೋಡಿದರು. ನಾನು ಶ್ರುತಿಯ ಸದ್ದು ಏರಿಸಿ ಮದ್ದಳೆಯ ಮೇಲೆ ಕೈ ಇಟ್ಟು ಕಾದೆ. ಮಾವ ತಾಳ ಎತ್ತಿದರು. ಬಾಯಿ ತೆರೆದವರು ಹಾಡಲಿಲ್ಲ. ನನ್ನ ಮುಖ ನೋಡಿದರು. ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು.

“ಶ್ರುತಿ ಸರಿ ಇದ್ದನಾ?” ಎಂದು ಕೇಳಿದರು.